ಕೆಟ್ಟ ಮೊಳೆಯ ಮನೆತನ: ‘ಮ್ಯಾಕಿಯವೆಲ್ಲಿಯನ್’ ಎಂಬ ಗುಣವಾಚಕದ ಚರಿತ್ರೆ

ಫ್ಲಾರೆನ್ಸಿನ ಮ್ಯಾಕಿಯವೆಲ್ಲಿ ಮನೆತನದ ಲಾಂಛನದಲ್ಲಿ ಹೆಚ್ಚೇನೂ ಆಡಂಬರವಿಲ್ಲ. ಬೆಳ್ಳಿ ಬಣ್ಣದ ಗುರಾಣಿ, ಅದರ ಮೇಲೊಂದು ನೀಲಿ ಶಿಲುಬೆ, ಶಿಲುಬೆಯ ನಾಲ್ಕು ಸಂದುಗಳಲ್ಲಿ ನಾಲ್ಕು ನೀಲಿ ಮೊಳೆ. ಹೆಸರಿನ ಅರ್ಥವನ್ನೇ ಚಿತ್ರವಾಗಿ ಬರೆದಿಟ್ಟಿದ್ದಾರೆ. ಇಟಾಲಿಯನ್ ಭಾಷೆಯಲ್ಲಿ ‘ಕಿಯವೆಲ್ಲೊ’ ಎಂದರೆ ಮೊಳೆ. ಲ್ಯಾಟಿನ್ನಿನಲ್ಲಿ ಮೊಳೆಗಿರುವ ‘ಕ್ಲಾವುಸ್’ ಎಂಬ ಪದದ ಕುಲದ್ದು ಅದು. ಮೊದಲಿಗೆ ಬರುವ ‘ಮಾ’ ಎಂಬುದು ‘ಮಾಲ್’ ಎಂಬುದರ ಸವೆದ ರೂಪ; ಅದರ ಅರ್ಥ ‘ಕೆಟ್ಟ’. ಎರಡನ್ನೂ ಕೂಡಿಸಿ ಓದಿದರೆ ಇವರು ಕೆಟ್ಟ ಮೊಳೆಯವರು.

ನಮ್ಮ ಉತ್ತರ ಕರ್ನಾಟಕದಲ್ಲಿ ಮೆಣಸಿನಕಾಯಿ, ಉಳ್ಳಾಗಡ್ಡಿ ಎಂಬ ಅಡ್ಡಹೆಸರುಗಳನ್ನು ಕೇಳಿದಾಗ ಯಾರಿಗೂ ಖಾರದ ನೆನಪಾಗಲಿ ಘಾಟಿನ ನೆನಪಾಗಲಿ ಆಗುವುದಿಲ್ಲ. ಬಳಸಿ ಬಳಸಿ ಅರ್ಥ ಸವೆದು, ಹೆಸರು ಬರೀ ಹೆಸರಾಗಿ ಉಳಿದಿರುತ್ತದೆ. ಫ್ಲಾರೆನ್ಸಿನಲ್ಲೂ ಹಾಗೆಯೇ ಆಗಿತ್ತು. ನಿಕೊಲೊ ಮ್ಯಾಕಿಯವೆಲ್ಲಿ 1469ರ ಮೇ 3ರಂದು ಹುಟ್ಟುವ ಹೊತ್ತಿಗೆ ಅವನ ಮನೆತನದ ಹೆಸರಿನೊಳಗೆ ‘ಕೆಟ್ಟ’ ಎಂಬ ಮಾತು ಅಡಗಿದೆಯೆಂದು ಎಣಿಸುವವರು ಇದ್ದಿರಲಾರರು. ಹಾಗೆ ಅಳಿಸಿಹೋಗಿದ್ದ ಕೆಟ್ಟತನ ಅವನು ಸತ್ತು ನಲವತ್ತು ವರ್ಷವಾದ ಮೇಲೆ, ಅವನು ಎಂದೂ ಕಾಲಿಡದ ದ್ವೀಪದಲ್ಲಿ, ಅವನು ಕಲಿಯದ ಭಾಷೆಯಲ್ಲಿ ಅದೇ ಹೆಸರಿಗೆ ಮತ್ತೆ ಬಂದು ಅಂಟಿಕೊಂಡಿತು. ಇವತ್ತು ಯಾವ ಇಂಗ್ಲಿಷ್ ನಿಘಂಟನ್ನು ತೆರೆದರೂ ‘ಮ್ಯಾಕಿಯವೆಲ್ಲಿಯನ್’ ಎಂಬುದಕ್ಕೆ ವಂಚಕ, ಕುಟಿಲ, ಅಧಿಕಾರಕ್ಕಾಗಿ ಯಾವುದಕ್ಕೂ ಹೇಸದ ಎಂಬ ಅರ್ಥಗಳು ಸಿಗುತ್ತವೆ. ಇದು ಹೇಗಾಯಿತು, ಯಾರಿಂದಾಯಿತು ಎಂಬುದನ್ನು ಹುಡುಕುವುದು ಈ ಲೇಖನದ ಕೆಲಸ. ಅಡ್ಡಹೆಸರೊಂದು ಗುಣವಾಚಕವಾದಾಗ ಅದರಲ್ಲಿ ಹೆಸರಿನವನ ಗುಣ ಕಾಣುವುದಕ್ಕಿಂತ, ಆ ಪದವನ್ನು ಮೊದಲು ಬಾಯಿಗೆ ಹಾಕಿಕೊಂಡವರ ಭಯ, ಹಗೆ, ಗರಜುಗಳೇ ಹೆಚ್ಚಾಗಿ ಕಾಣುತ್ತವೆ ಎಂಬುದು ನಾನು ಕಂಡುಕೊಂಡದ್ದು.

ಮೊದಲು ಆ ಮನುಷ್ಯನನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. 1498ರಲ್ಲಿ, ಇಪ್ಪತ್ತೊಂಬತ್ತರ ವಯಸ್ಸಿನಲ್ಲಿ, ಅವನು ಫ್ಲಾರೆನ್ಸ್ ಗಣರಾಜ್ಯದ ಎರಡನೆಯ ಕಚೇರಿಯ ಕಾರ್ಯದರ್ಶಿಯಾದ. ಹದಿನಾಲ್ಕು ವರ್ಷ ಕುದುರೆಯ ಮೇಲೆ ಊರೂರು ಸುತ್ತಿ, ದೊರೆಗಳ ಬಾಗಿಲು ಕಾದು, ವರದಿ ಬರೆದ. 1512ರಲ್ಲಿ ಮೆಡಿಚಿ ಮನೆತನ ಮರಳಿ ಅಧಿಕಾರಕ್ಕೆ ಬಂತು, ಇವನ ಕೆಲಸ ಹೋಯಿತು. ಮರುವರ್ಷದ ಫೆಬ್ರವರಿಯಲ್ಲಿ ಪಿತೂರಿಯ ಅನುಮಾನದ ಮೇಲೆ ಹಿಡಿದು ಸೆರೆಗೆ ಹಾಕಿದರು. ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ಹಗ್ಗದಿಂದ ಮೇಲಕ್ಕೆಳೆದು, ಥಟ್ಟನೆ ಬಿಟ್ಟು ಹಿಂಸಿಸಿದರು. ಅವನು ಯಾರ ಹೆಸರನ್ನೂ ಹೇಳಲಿಲ್ಲ. ಮಾರ್ಚ್‌ನಲ್ಲಿ ಮೆಡಿಚಿ ಕುಲದವನೊಬ್ಬ ಹತ್ತನೆಯ ಲಿಯೊ ಎಂಬ ಹೆಸರಿನಿಂದ ಪೋಪ್ ಆದ. ಆ ಸಂಭ್ರಮದಲ್ಲಿ ಕೈದಿಗಳನ್ನು ಬಿಟ್ಟಾಗ ಇವನಿಗೂ ಬಿಡುಗಡೆಯಾಯಿತು.

ಆಮೇಲಿನ ದಿನಗಳ ಚಿತ್ರ 1513ರ ಡಿಸೆಂಬರ್ 10ರಂದು ಗೆಳೆಯ ವೆಟ್ಟೋರಿಗೆ ಅವನು ಬರೆದ ಕಾಗದದಲ್ಲಿದೆ. ಊರಾಚೆಯ ತೋಟದ ಮನೆ. ಬೆಳಗ್ಗೆ ಎದ್ದು ತನ್ನ ಕಾಡಿನಲ್ಲಿ ಸೌದೆ ಕಡಿಯುವವರ ಜಗಳ ಬಿಡಿಸುವುದು, ಹೊತ್ತೇರಿದ ಮೇಲೆ ದಾರಿಬದಿಯ ಹೋಟೆಲಿನಲ್ಲಿ ಕೂರುವುದು. ಅಲ್ಲಿ ಹೋಟೆಲಿನ ಯಜಮಾನ, ಒಬ್ಬ ಕಟುಕ, ಒಬ್ಬ ಹಿಟ್ಟಿನ ಗಿರಣಿಯವನು, ಇಬ್ಬರು ಭಟ್ಟಿಯವರು. ಅವರ ಜೊತೆ ಇಸ್ಪೀಟು. ಒಂದು ಕಾಸಿಗಾಗಿ ಹುಟ್ಟಿದ ಜಗಳದ ಕೂಗಾಟ ಪಕ್ಕದ ಸಾನ್ ಕಾಶಾನೊ ಊರಿನವರೆಗೂ ಕೇಳಿಸುತ್ತದೆಂದು ಅವನೇ ಬರೆಯುತ್ತಾನೆ. ಕತ್ತಲಾದ ಮೇಲೆ ಮನೆಗೆ ಬಂದು, ಕೆಸರು ಮೆತ್ತಿದ ಬಟ್ಟೆಯನ್ನು ಬಾಗಿಲಲ್ಲೇ ಕಳಚಿ, ರಾಜಸಭೆಗೆ ತಕ್ಕ ಉಡುಪು ತೊಟ್ಟು, ಪ್ರಾಚೀನರ ಗ್ರಂಥಗಳ ಮುಂದೆ ಕೂರುತ್ತಾನೆ. ನಾಲ್ಕು ಗಂಟೆ ಕಾಲ ಅವನಿಗೆ ಬಡತನದ ಭಯವೂ ಇಲ್ಲ, ಸಾವಿನ ಹೆದರಿಕೆಯೂ ಇಲ್ಲ. ಆ ರಾತ್ರಿಗಳ ಟಿಪ್ಪಣಿಗಳಿಂದ ಬೆಳೆದ ಕಿರುಪುಸ್ತಕವೇ ‘ದಿ ಪ್ರಿನ್ಸ್’. ಹನ್ನೆರಡು ವರ್ಷಗಳ ನಂತರ, 1525ರಲ್ಲಿ, ಗೆಳೆಯ ಗ್ವಿಚಾರ್ದಿನಿಗೆ ಬರೆದ ಒಂದು ಕಾಗದದ ಕೆಳಗೆ ಅವನು ಹಾಕಿದ ಸಹಿಯಲ್ಲಿ ತನ್ನನ್ನು ಇತಿಹಾಸಕಾರ, ಹಾಸ್ಯನಾಟಕಕಾರ, ದುರಂತನಾಟಕಕಾರ ಎಂದು ಕರೆದುಕೊಂಡಿದ್ದಾನೆ. ತನ್ನ ಹೆಸರಿಗೆ ತಾನೇ ಆರಿಸಿಕೊಂಡ ವಿಶೇಷಣಗಳು ಈ ಮೂರು. ಲೋಕ ಇವುಗಳಲ್ಲಿ ಒಂದನ್ನೂ ಉಳಿಸಿಕೊಳ್ಳಲಿಲ್ಲ.

ಅವನು ತೀರಿಕೊಂಡದ್ದು 1527ರ ಜೂನ್ 21ರಂದು. ಪುಸ್ತಕ ಅಚ್ಚಾದದ್ದು ಐದು ವರ್ಷಗಳ ಮೇಲೆ, 1532ರಲ್ಲಿ, ರೋಮಿನಲ್ಲಿ, ಅದೂ ಪೋಪ್ ಏಳನೆಯ ಕ್ಲೆಮೆಂಟನ ಅನುಮತಿಯೊಂದಿಗೆ. ಅಂದರೆ ಮೊದಲಿಗೆ ಚರ್ಚಿಗೆ ಅದರಲ್ಲಿ ಅಂಥ ದೋಷವೇನೂ ಕಂಡಿರಲಿಲ್ಲ. 1539ರಲ್ಲಿ ಇಂಗ್ಲೆಂಡಿನಿಂದ ದೇಶಭ್ರಷ್ಟನಾಗಿದ್ದ ಕಾರ್ಡಿನಲ್ ರೆಜಿನಾಲ್ಡ್ ಪೋಲ್, ಇದು ಸೈತಾನನ ಬೆರಳು ಬರೆದ ಪುಸ್ತಕವೆಂದ. ಅವನ ಸಿಟ್ಟು ನಿಜಕ್ಕೂ ಇದ್ದದ್ದು ಎಂಟನೆಯ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್ವೆಲ್ ಮೇಲೆ. ತನಗೆ ಈ ಪುಸ್ತಕ ಓದಲು ಹೇಳಿದವನೇ ಕ್ರಾಮ್ವೆಲ್ ಎಂಬುದು ಅವನ ಆರೋಪ. 1559ರಲ್ಲಿ ರೋಮಿನ ನಿಷಿದ್ಧ ಗ್ರಂಥಗಳ ಪಟ್ಟಿಗೆ ಮ್ಯಾಕಿಯವೆಲ್ಲಿಯ ಎಲ್ಲ ಕೃತಿಗಳೂ ಸೇರಿದವು.

ಗುಣವಾಚಕ ಹುಟ್ಟಿದ್ದು ಇದರ ಬೆನ್ನಿಗೇ. 1560-70ರ ದಶಕಗಳ ಬರಹಗಳಲ್ಲಿ ಅದು ಕಾಣಿಸಿಕೊಳ್ಳುತ್ತದೆ. ಅದರ ಬಾಲದಲ್ಲಿರುವ ‘ಇಯನ್’ ಪ್ರತ್ಯಯ ಲ್ಯಾಟಿನ್ನಿನ ‘ಇಯಾನುಸ್’ ಎಂಬುದರಿಂದ ಬಂದದ್ದು. ಒಬ್ಬನಿಗೆ ಸೇರಿದ, ಒಬ್ಬನನ್ನು ಅನುಸರಿಸುವ ಎಂಬ ಅರ್ಥ ಕೊಡುತ್ತದೆ. ‘ಕ್ರಿಶ್ಚಿಯನ್’ ಎಂಬ ಪದವೂ ಇದೇ ಅಚ್ಚಿನದು. ಮತಸುಧಾರಣೆಯ ಆ ಶತಮಾನದಲ್ಲಿ ಎದುರು ಪಕ್ಷದವರನ್ನು ಅವರ ಗುರುವಿನ ಹೆಸರು ಹಿಡಿದು ಹೀಗಳೆಯುವ ವಾಡಿಕೆ ಎಲ್ಲೆಲ್ಲೂ ಇತ್ತು. ಮ್ಯಾಕಿಯವೆಲ್ಲಿಗೆ ಪಂಥವೂ ಇರಲಿಲ್ಲ, ಶಿಷ್ಯರೂ ಇರಲಿಲ್ಲ. ಪ್ರತ್ಯಯ ಸೇರಿದ ಕೂಡಲೇ ಎರಡೂ ಹುಟ್ಟಿಕೊಂಡವು. ಒಂದು ಪ್ರತ್ಯಯಕ್ಕೆ ಇಷ್ಟು ಶಕ್ತಿಯಿದೆಯೆಂಬುದು ನನ್ನನ್ನು ಬಹಳ ಕಾಡಿದೆ.

ಸ್ಕಾಟ್ಲೆಂಡಿನಲ್ಲಿ ಈ ಹೆಸರು ಪಟ್ಟ ಪಾಡು ಹೇಳುವಂಥದ್ದು. ಅಲ್ಲಿನ ರಾಣಿ ಮೇರಿಗೆ ಲೆದಿಂಗ್ಟನ್‌ನ ವಿಲಿಯಂ ಮೈಟ್ಲೆಂಡ್ ಎಂಬ ಬುದ್ಧಿವಂತ ಕಾರ್ಯದರ್ಶಿಯಿದ್ದ. ಇವತ್ತು ಈ ಪಕ್ಷ, ನಾಳೆ ಆ ಪಕ್ಷ ಎಂದು ಅವನ ಮೇಲೆ ದೂರು. ಜಾರ್ಜ್ ಬುಕಾನನ್ ಎಂಬ ಪಂಡಿತ ಅವನನ್ನು ಗೋಸುಂಬೆಗೆ ಹೋಲಿಸಿ ಒಂದು ವಿಡಂಬನೆಯನ್ನೇ ಬರೆದ. ಜನ ಅವನನ್ನು ‘ಮೈಕೆಲ್ ವೈಲಿ’ ಎಂದು ಕರೆದರು. ಇದು ‘ಮ್ಯಾಕಿಯವೆಲ್ಲಿ’ ಎಂಬುದರ ಸ್ಕಾಟಿಷ್ ತದ್ಭವ. ‘ವೈಲಿ’ ಎಂದರೆ ಆ ಭಾಷೆಯಲ್ಲಿ ತಂತ್ರಗಾರ. ಬಾಯಿಗೆ ಹೊರಳದ ಪರದೇಶದ ಹೆಸರನ್ನು ಜನ ತಮ್ಮ ನುಡಿಯ ಎರಡು ಪದಗಳಾಗಿ ಒಡೆದುಕೊಂಡರು, ಒಡೆದಾಗ ಅದರೊಳಗಿಂದ ಬೈಗುಳವೊಂದು ಹೊರಬಂತು. ಇಂಗ್ಲಿಷರೂ ಇದನ್ನೇ ಮಾಡಿದರು. ಎಲಿಜಬೆತ್ ಕಾಲದ ಬರಹಗಳಲ್ಲಿ ಈ ಹೆಸರು ‘ಮ್ಯಾಚೆವಿಲ್’ ಎಂದು ಬಂದಾಗ ಕಾಗುಣಿತದಲ್ಲೇ ‘ಈವಿಲ್’, ಅಂದರೆ ಕೇಡು, ಎದ್ದು ಕಾಣುತ್ತದೆ. ನಿರುಕ್ತಿಯಲ್ಲಿ ನಿಜವಾಗಿ ಇದ್ದ ‘ಕೆಟ್ಟ’ ಎಂಬ ಅರ್ಥ ಅವರಿಗೆ ತಿಳಿದಿರಲಿಲ್ಲ. ಸದ್ದಿನ ಸಾಮ್ಯದಿಂದ ಅವರು ತಾವಾಗಿ ಅದೇ ಅರ್ಥವನ್ನು ಹೊಸದಾಗಿ ಕಟ್ಟಿಕೊಂಡರು. ಜನಪದ ನಿರುಕ್ತಿ ಇಷ್ಟು ಬಲವಾಗಿ ಒಂದು ಪದದ ಹಣೆಬರಹ ಬರೆದ ಉದಾಹರಣೆಗಳು ಕಡಿಮೆ.

ಆದರೆ ಬೈಗುಳಕ್ಕೆ ಬಿಸಿ ಬಂದದ್ದು ಫ್ರಾನ್ಸಿನಿಂದ. 1572ರ ಆಗಸ್ಟ್ 24ರಂದು, ಸಂತ ಬಾರ್ತಲೋಮಿಯೊನ ಹಬ್ಬದ ದಿನ, ಪ್ಯಾರಿಸ್ಸಿನಲ್ಲಿ ಹ್ಯೂಗನೊ ಎಂದು ಕರೆಸಿಕೊಳ್ಳುತ್ತಿದ್ದ ಪ್ರಾಟೆಸ್ಟಂಟರ ಕೊಲೆ ಶುರುವಾಯಿತು. ಕೊಲೆಗೆ ಕಾರಣಳೆಂದು ಅವರು ಬೆರಳು ತೋರಿಸಿದ್ದು ರಾಜಮಾತೆ ಕ್ಯಾಥರೀನ್ ಡಿ ಮೆಡಿಚಿಯತ್ತ. ಅವಳು ಫ್ಲಾರೆನ್ಸಿನವಳು. ಅದಕ್ಕಿಂತ ಮಿಗಿಲಾಗಿ, ‘ದಿ ಪ್ರಿನ್ಸ್’ ಯಾರಿಗೆ ಅರ್ಪಿತವಾಗಿತ್ತೋ ಆ ಲೊರೆಂಜೊ ಡಿ ಮೆಡಿಚಿಯ ಮಗಳು. ಅಪ್ಪನಿಗೆ ಬರೆದುಕೊಟ್ಟ ಪಾಠವನ್ನು ಮಗಳು ಮಾಡಿ ತೋರಿಸಿದಳೆಂದು ನಂಬುವುದಕ್ಕೆ ನೊಂದವರಿಗೆ ಹೆಚ್ಚಿನ ಸಾಕ್ಷಿ ಬೇಕಿರಲಿಲ್ಲ. 1576ರಲ್ಲಿ ಇನೊಸೆಂಟ್ ಜಾಂತಿಯೆ ಎಂಬ ಹ್ಯೂಗನೊ ವಕೀಲ ಮ್ಯಾಕಿಯವೆಲ್ಲಿಯ ವಿರುದ್ಧ ದಪ್ಪ ಗ್ರಂಥವೊಂದನ್ನು ಹೊರತಂದ. ಅವನ ಕ್ರಮ ವಕೀಲಿ ಕ್ರಮವೇ. ಮ್ಯಾಕಿಯವೆಲ್ಲಿಯ ಪುಸ್ತಕಗಳಿಂದ ಐವತ್ತು ಸೂತ್ರಗಳನ್ನು ಕಿತ್ತು ತೆಗೆದು, ಹಿಂದುಮುಂದಿನ ಮಾತುಗಳನ್ನು ಬಿಟ್ಟು, ಒಂದೊಂದನ್ನೂ ಕಟಕಟೆಗೆ ನಿಲ್ಲಿಸಿ ಖಂಡಿಸಿದ. ಸೈಮನ್ ಪ್ಯಾಟ್ರಿಕ್ ಮಾಡಿದ ಅದರ ಇಂಗ್ಲಿಷ್ ಅನುವಾದ 1602ರಲ್ಲಿ ಅಚ್ಚಾಯಿತು. ‘ದಿ ಪ್ರಿನ್ಸ್’ ಇಂಗ್ಲಿಷಿನಲ್ಲಿ ಅಚ್ಚಾದದ್ದು ಯಾವಾಗ? ಎಡ್ವರ್ಡ್ ಡೇಕರ್ಸನ ಅನುವಾದ, 1640ರಲ್ಲಿ. ಖಂಡನೆ ಓದುಗರಿಗೆ ಸಿಕ್ಕಿ ಮೂವತ್ತೆಂಟು ವರ್ಷವಾದ ಮೇಲೆ ಮೂಲ ಸಿಕ್ಕಿತು.

ಇನ್ನೊಂದು ಪಕ್ಷವೂ ಸುಮ್ಮನಿರಲಿಲ್ಲ. ಅದೇ 1572ರಲ್ಲಿ ಕ್ಯಾಥಲಿಕರ ಕಡೆಯಿಂದ ಬಂದ ಹೆಸರಿಲ್ಲದ ಪುಸ್ತಕವೊಂದು ಎಲಿಜಬೆತ್ ರಾಣಿಯ ಪ್ರಾಟೆಸ್ಟಂಟ್ ಮಂತ್ರಿಗಳ ಆಡಳಿತವನ್ನೇ ಮ್ಯಾಕಿಯವೆಲ್ಲಿಯನ್ ರಾಜ್ಯ ಎಂದು ಜರೆಯಿತು. ಪ್ರಾಟೆಸ್ಟಂಟರು ಜೆಸ್ಯೂಟರನ್ನು ಹಾಗೆಯೇ ಬೈದರು. ಎರಡು ಸೇನೆಗಳೂ ಒಂದೇ ಕಲ್ಲನ್ನು ಎತ್ತಿ ಎತ್ತಿ ಎಸೆಯುತ್ತಿದ್ದವು. ಈ ಎಸೆತದಲ್ಲಿ ಕಲ್ಲು ಯಾವ ಬೆಟ್ಟದ್ದು ಎಂಬುದು ಮರೆತುಹೋಯಿತು.

ಮರೆತುಹೋದದ್ದಕ್ಕೆ ಅತ್ಯಂತ ಸ್ಪಷ್ಟ ಸಾಕ್ಷಿ ರಂಗಭೂಮಿಯಲ್ಲಿದೆ. ಕ್ರಿಸ್ಟೊಫರ್ ಮಾರ್ಲೊ ‘ದಿ ಜ್ಯೂ ಆಫ್ ಮಾಲ್ಟಾ’ ನಾಟಕದ ಪೀಠಿಕೆ ಹೇಳಲು ಮ್ಯಾಕಿಯವೆಲ್ಲಿಯ ಪ್ರೇತವನ್ನೇ ಕರೆತಂದ. ಅದು ಆಲ್ಪ್ಸ್ ದಾಟಿ, ಫ್ರಾನ್ಸಿನಲ್ಲಿ ಗೀಸ್ ಪ್ರಭುವಿನ ಮೈಯಲ್ಲಿದ್ದು, ಆ ಪ್ರಭು 1588ರ ಡಿಸೆಂಬರಿನಲ್ಲಿ ಕೊಲೆಯಾದ ಮೇಲೆ ಇಂಗ್ಲೆಂಡಿಗೆ ಬಂದಿದೆ. ಪದದ ಪ್ರಯಾಣದ ದಾರಿಯನ್ನು ಮಾರ್ಲೊ ಭೂಪಟದ ಹಾಗೆ ಬರೆದಿಟ್ಟಿದ್ದಾನೆ. ಶೇಕ್ಸ್‌ಪಿಯರನ ಮೂರು ನಾಟಕಗಳಲ್ಲಿ ಈ ಹೆಸರು ಬರುತ್ತದೆ. ಆರನೆಯ ಹೆನ್ರಿಯ ಮೊದಲ ಭಾಗದಲ್ಲಿ, ಜೋನ್ ಆಫ್ ಆರ್ಕಳನ್ನು ಸುಡಲು ಒಯ್ಯುವ ಹೊತ್ತಿನಲ್ಲಿ, ಯಾರ್ಕ್‌ನ ಪ್ರಭು ಅಲೆನ್ಸಾನ್ ಎಂಬ ಫ್ರೆಂಚ್ ಪ್ರಭುವನ್ನು ಮ್ಯಾಕಿಯವೆಲ್ ಎಂದು ಬೈಯುತ್ತಾನೆ. ಜೋನ್ ಸುಟ್ಟುಹೋದದ್ದು 1431ರಲ್ಲಿ. ನಿಕೊಲೊ ಹುಟ್ಟಲು ಇನ್ನೂ ಮೂವತ್ತೆಂಟು ವರ್ಷವಿತ್ತು. ಇದನ್ನು ಕಾಲದೋಷ ಎಂದು ತಳ್ಳಿಹಾಕುವುದು ಸುಲಭ. ಭಾಷೆಯ ಚರಿತ್ರೆಗೆ ಮಾತ್ರ ಇದು ಅಮೂಲ್ಯ. ಆ ಹೊತ್ತಿಗೆ ಪದಕ್ಕೂ ವ್ಯಕ್ತಿಗೂ ನಂಟು ಕಡಿದು, ಅಂಕಿತನಾಮ ರೂಢನಾಮವಾಗಿತ್ತು ಎಂಬುದು ಇಲ್ಲಿ ಕಣ್ಣಿಗೆ ಕಾಣುತ್ತದೆ. ‘ದಿ ಮೆರಿ ವೈವ್ಸ್ ಆಫ್ ವಿಂಡ್ಸರ್’ ನಾಟಕದಲ್ಲಂತೂ ಹೋಟೆಲ್ ನಡೆಸುವವನೊಬ್ಬ ತನ್ನ ಜಾಣತನವನ್ನು ಕೊಚ್ಚಿಕೊಳ್ಳುತ್ತ ನಾನೇನು ಮ್ಯಾಕಿಯವೆಲ್ಲೇ ಎಂದು ಕೇಳುತ್ತಾನೆ. ಅರಮನೆಯ ಕಾಗದಪತ್ರಗಳಲ್ಲಿದ್ದ ಮಾತು ಪಡಸಾಲೆಗೆ, ಪಡಸಾಲೆಯಿಂದ ಬೀದಿಗೆ ಬಂದಿತ್ತು.

1897ರಲ್ಲಿ ಎಡ್ವರ್ಡ್ ಮೆಯರ್ ಎಂಬ ವಿದ್ವಾಂಸ ಎಲಿಜಬೆತ್ ಕಾಲದ ಸಾಹಿತ್ಯವನ್ನು ಜಾಲಾಡಿ ಈ ಹೆಸರಿನ 395 ಉಲ್ಲೇಖಗಳನ್ನು ಪಟ್ಟಿ ಮಾಡಿದ. ಇಂಗ್ಲಿಷರು ಮ್ಯಾಕಿಯವೆಲ್ಲಿಯನ್ನು ಓದಿರಲೇ ಇಲ್ಲ, ಜಾಂತಿಯೆಯನ್ನು ಮಾತ್ರ ಓದಿದ್ದರು ಎಂಬುದು ಅವನ ತೀರ್ಮಾನ. ಈ ತೀರ್ಮಾನ ಬಹುಕಾಲ ನಿಂತಿತು, ಆದರೆ ಅದು ಪೂರ್ತಿ ನಿಲ್ಲುವಂಥದ್ದಲ್ಲ. 1584ರಲ್ಲೇ ಲಂಡನ್ನಿನ ಮುದ್ರಕ ಜಾನ್ ವೂಲ್ಫ್ ‘ದಿ ಪ್ರಿನ್ಸ್’ ಕೃತಿಯನ್ನು ಇಟಾಲಿಯನ್ನಿನಲ್ಲಿ ಅಚ್ಚು ಹಾಕಿ, ಮುಖಪುಟದಲ್ಲಿ ಪಲೆರ್ಮೊ ಎಂದು ಸುಳ್ಳು ಊರು ಹಾಕಿ ಮಾರಿದ್ದ. ಕೈಬರಹದ ಇಂಗ್ಲಿಷ್ ಅನುವಾದಗಳು ಒಬ್ಬರಿಂದೊಬ್ಬರಿಗೆ ಸಾಗುತ್ತಿದ್ದುದು ಆಮೇಲೆ ಬೆಳಕಿಗೆ ಬಂತು. ಹಾಗಾಗಿ ಓದಿದವರೂ ಇದ್ದರು, ಚೆನ್ನಾಗಿಯೇ ಓದಿದ್ದರು. ಮನುಷ್ಯರು ಏನು ಮಾಡಬೇಕೆಂಬುದನ್ನು ಬಿಟ್ಟು ಏನು ಮಾಡುತ್ತಾರೆಂಬುದನ್ನು ಬರೆದದ್ದಕ್ಕೆ ನಾವು ಮ್ಯಾಕಿಯವೆಲ್ಲಿಗೆ ಋಣಿಗಳೆಂದು ಫ್ರಾನ್ಸಿಸ್ ಬೇಕನ್ 1605ರಲ್ಲಿ ಬಹಿರಂಗವಾಗಿ ಬರೆದ. ಇಷ್ಟಿದ್ದರೂ ಓದಿದವರ ತಿಳಿವಳಿಕೆ ಪದದ ಅರ್ಥವನ್ನು ಕೂದಲೆಳೆಯಷ್ಟೂ ಅಲುಗಿಸಲಿಲ್ಲ. ಪದ ಆಗಲೇ ಓದದವರ ಪಾಲಾಗಿತ್ತು. ಗುರಿ ಒಳ್ಳೆಯದಾದರೆ ದಾರಿ ಹೇಗಿದ್ದರೂ ಸರಿ ಎಂಬ ಮಾತನ್ನು ಇವತ್ತಿಗೂ ಅವನ ತಲೆಗೆ ಕಟ್ಟುತ್ತಾರೆ. ಆ ರೂಪದಲ್ಲಿ ಆ ಮಾತು ಅವನ ಪುಸ್ತಕದಲ್ಲಿ ಎಲ್ಲೂ ಇಲ್ಲ. ಸಿಂಹವೂ ಆಗು, ನರಿಯೂ ಆಗು ಎಂಬ ಹದಿನೆಂಟನೆಯ ಅಧ್ಯಾಯದ ಪ್ರಸಿದ್ಧ ಉಪದೇಶವಿದೆಯಲ್ಲ, ಅದರ ಎರಡು ಪ್ರಾಣಿಗಳು ಸಿಸೆರೊನಿಂದ ಬಂದವು. ಸಿಸೆರೊ ಅವೆರಡನ್ನೂ ಮನುಷ್ಯನಿಗೆ ಸಲ್ಲದವೆಂದಿದ್ದ, ಮ್ಯಾಕಿಯವೆಲ್ಲಿ ತಿರುಗಿಸಿ ಬೇಕೆಂದ. ಅವನ ನಿಜವಾದ ಅಪರಾಧ ಅಂಥದ್ದು.

ಮುಂದಿನ ಎರಡು ಶತಮಾನಗಳಲ್ಲಿ ಪದ ಗಟ್ಟಿಯಾಗುತ್ತ ಹೋಯಿತು. ಪ್ರಷ್ಯದ ಎರಡನೆಯ ಫ್ರೆಡ್ರಿಕ್ ಯುವರಾಜನಾಗಿದ್ದಾಗ ಮ್ಯಾಕಿಯವೆಲ್ಲಿಯನ್ನು ಖಂಡಿಸಿ ಒಂದು ಪುಸ್ತಕ ಬರೆದ. ವೊಲ್ಟೇರ್ ಅದನ್ನು ತಿದ್ದಿ 1740ರಲ್ಲಿ ಪ್ರಕಟಿಸಿದ. ಅದೇ ವರ್ಷ ಪಟ್ಟಕ್ಕೇರಿದ ಫ್ರೆಡ್ರಿಕ್ ಡಿಸೆಂಬರಿನಲ್ಲಿ ಸೈಲೀಷಿಯಕ್ಕೆ ದಂಡು ನುಗ್ಗಿಸಿದ. ಪುಸ್ತಕ ಬರೆದವನಿಗೆ ಈ ವಿಶೇಷಣ ತಟ್ಟಲಿಲ್ಲ. ಇನ್ನೊಂದು ಕಡೆ ರೂಸೊ 1762ರಲ್ಲಿ ‘ದಿ ಪ್ರಿನ್ಸ್’ ಗಣರಾಜ್ಯವಾದಿಗಳ ಪುಸ್ತಕವೆಂದು ವಾದಿಸಿದ. 1827ರಲ್ಲಿ ಮೆಕಾಲೆ, ಭಾರತಕ್ಕೆ ಬರುವ ಏಳು ವರ್ಷ ಮೊದಲು, ಮ್ಯಾಕಿಯವೆಲ್ಲಿಯ ಪರವಾಗಿ ಬರೆದ ದೀರ್ಘ ಪ್ರಬಂಧದಲ್ಲಿ, ಇವನ ಅಡ್ಡಹೆಸರಿನಿಂದ ಜನ ಖದೀಮನಿಗೊಂದು ವಿಶೇಷಣ ಮಾಡಿಕೊಂಡರು, ಇಟ್ಟ ಹೆಸರಿನಿಂದ ಸೈತಾನನಿಗೊಂದು ಪರ್ಯಾಯಪದ ಮಾಡಿಕೊಂಡರು ಎಂದ. ಮೊದಲನೆಯದು ನಿಜ. ಸೈತಾನನಿಗೆ ಇಂಗ್ಲಿಷರು ಹೇಳುವ ‘ಓಲ್ಡ್ ನಿಕ್’ ಎಂಬ ಹೆಸರು ನಿಕೊಲೊನಿಂದ ಬಂತೆಂಬ ಎರಡನೆಯದು ಸ್ಯಾಮ್ಯುಯಲ್ ಬಟ್ಲರ್ ತನ್ನ ವಿನೋದಕಾವ್ಯದಲ್ಲಿ ಹೂಡಿದ ಚಮತ್ಕಾರ. ನಿಘಂಟುಕಾರರು ಅದನ್ನು ಒಪ್ಪುವುದಿಲ್ಲ. 1970ರಲ್ಲಿ ಕ್ರಿಸ್ಟಿ ಮತ್ತು ಗೈಸ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಇಪ್ಪತ್ತು ಹೇಳಿಕೆಗಳ ಪ್ರಶ್ನಾವಳಿಯಿಂದ ಮನುಷ್ಯನ ‘ಮ್ಯಾಕಿಯವೆಲ್ಲಿಯನಿಸಂ’ ಅಳೆಯುವ ಕ್ರಮವನ್ನು ಪುಸ್ತಕವಾಗಿ ತಂದರು. ಅಡ್ಡಹೆಸರು ಬೈಗುಳವಾಗಿ, ಬೈಗುಳ ಅಳತೆಗೋಲಾಯಿತು.

ಇಲ್ಲಿ ನಮ್ಮ ಮೈಸೂರಿನ ಪ್ರಸ್ತಾಪ ಬರಲೇಬೇಕು. ತಂಜಾವೂರು ಕಡೆಯ ಪಂಡಿತರೊಬ್ಬರು 1891ರಲ್ಲಿ ಶುರುವಾದ ಮೈಸೂರಿನ ಸರ್ಕಾರಿ ಓರಿಯೆಂಟಲ್ ಲೈಬ್ರರಿಗೆ ಒಪ್ಪಿಸಿದ ತಾಳೆಗರಿಯ ಕಟ್ಟೊಂದರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವಿತ್ತು. ಅದನ್ನು ಗುರುತಿಸಿದವರು ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು. 1905ರಿಂದ ಅನುವಾದದ ಭಾಗಗಳು ಪತ್ರಿಕೆಗಳಲ್ಲಿ ಬಂದವು, 1909ರಲ್ಲಿ ಮೂಲಪಾಠ ಅಚ್ಚಾಯಿತು, 1915ರಲ್ಲಿ ಇಂಗ್ಲಿಷ್ ಅನುವಾದ ಪುಸ್ತಕವಾಯಿತು. ಮೈಸೂರಿನಿಂದ ಹೊರಟ ಈ ಗ್ರಂಥದ ಮುಂದೆ ಮ್ಯಾಕಿಯವೆಲ್ಲಿಯ ಪುಸ್ತಕ ನಿರುಪದ್ರವಿ ಎಂದು ಮ್ಯಾಕ್ಸ್ ವೇಬರ್ 1919ರಲ್ಲಿ ಹೇಳಿದ. ಚಾಣಕ್ಯನನ್ನು ಭಾರತದ ಮ್ಯಾಕಿಯವೆಲ್ಲಿ ಎನ್ನುವುದು ರೂಢಿಯಾಯಿತು. ನೆಹರೂ ಈ ಹೋಲಿಕೆಯನ್ನು ಸ್ವಲ್ಪ ಮಟ್ಟಿಗೆ ಒಪ್ಪಿ, ಚಾಣಕ್ಯ ಎಲ್ಲ ಬಗೆಯಲ್ಲೂ ಅವನಿಗಿಂತ ದೊಡ್ಡವನೆಂದರು.

ಹೋಲಿಕೆ ಇರಲಿ, ಪದಗಳ ಪಾಡು ನೋಡಿ. ಸಂಸ್ಕೃತದ ಮುದ್ರಾರಾಕ್ಷಸ ನಾಟಕ ಮೊದಲ ಅಂಕದಲ್ಲೇ ಕೌಟಿಲ್ಯನನ್ನು ಕುಟಿಲಮತಿ ಎಂದು ಶ್ಲೇಷೆ ಮಾಡುತ್ತದೆ. ಹೆಸರಿನಲ್ಲೇ ವಕ್ರತೆಯಿದೆ ಎಂದು ಎತ್ತಿ ತೋರಿಸುತ್ತದೆ. ಆದರೂ ಆ ನಾಟಕಕ್ಕೂ, ಅದೇ ಕಥೆಯನ್ನು 1823ರಲ್ಲಿ ಕನ್ನಡ ಗದ್ಯಕ್ಕೆ ತಂದ ಕೆಂಪುನಾರಾಯಣನ ‘ಮುದ್ರಾಮಂಜೂಷ’ಕ್ಕೂ ಅವನು ಗೆಲ್ಲುವ ನಾಯಕ. ಚಾಣಕ್ಯ ಎಂಬುದು ಚಣಕನ ಮಗ, ಚಣಕನ ಕುಲದವನು ಎಂಬ ಅರ್ಥದ್ದು. ಮ್ಯಾಕಿಯವೆಲ್ಲಿ ಎಂಬುದಕ್ಕೆ ಬಹಳ ಹತ್ತಿರದ ಜಾತಿಯ ಹೆಸರು. ಅದರಿಂದ ಬಂದದ್ದೆಂದು ಹೇಳಲಾಗುವ ‘ಚಾಣಾಕ್ಷ’ ಎಂಬ ಗುಣವಾಚಕವನ್ನು ನಾವು ದಿನವೂ ಬಳಸುತ್ತೇವೆ. ಮಗ ಚಾಣಾಕ್ಷ ಎಂದರೆ ತಾಯಿಗೆ ಹಿಗ್ಗು. ಚುನಾವಣೆ ಗೆಲ್ಲಿಸಿದವನನ್ನು ಪತ್ರಿಕೆಗಳು ಚಾಣಕ್ಯ ಎಂದು ಹೊಗಳುತ್ತವೆ. ದೆಹಲಿಯಲ್ಲಿ ವಿದೇಶಿ ರಾಯಭಾರಿ ಕಚೇರಿಗಳಿರುವ ಬಡಾವಣೆಗೆ ಚಾಣಕ್ಯಪುರಿ ಎಂದು ಹೆಸರಿಟ್ಟಿದ್ದೇವೆ. ಇಬ್ಬರ ಉಪದೇಶದಲ್ಲೂ ಗೂಢಚಾರರಿದ್ದಾರೆ, ಕಪಟವಿದೆ, ಕೊಲೆಯಿದೆ. ಚಾಣಕ್ಯನ ಹೆಸರು ಪದವಾದದ್ದು ಅವನ ಗೆಲುವಿನ ಕಥೆ ಕೇಳಿ ಮೆಚ್ಚಿದವರ ಬಾಯಲ್ಲಿ. ಮ್ಯಾಕಿಯವೆಲ್ಲಿಯ ಹೆಸರು ಪದವಾದದ್ದು ಪ್ಯಾರಿಸ್ಸಿನಲ್ಲಿ ತಮ್ಮವರನ್ನು ಕಳೆದುಕೊಂಡವರ ಬಾಯಲ್ಲಿ.

ಶಾಮಶಾಸ್ತ್ರಿಗಳ ನಂತರ, 1924ರಲ್ಲಿ, ತಿರುವನಂತಪುರದ ಟಿ. ಗಣಪತಿಶಾಸ್ತ್ರಿಗಳು ಅರ್ಥಶಾಸ್ತ್ರದ ತಮ್ಮ ಆವೃತ್ತಿಯನ್ನು ಹೊರತರುವಾಗ ಗ್ರಂಥಕರ್ತನ ಹೆಸರು ಕೌಟಿಲ್ಯ ಅಲ್ಲ, ಕೌಟಲ್ಯ ಎಂದು ವಾದಿಸಿದರು. ಕುಟಲ ಎಂಬುದು ಗೋತ್ರದ ಹೆಸರು, ಕುಟಿಲಕ್ಕೂ ಅದಕ್ಕೂ ಸಂಬಂಧವಿಲ್ಲ ಎಂಬುದು ಅವರ ನೆಲೆ. ಒಂದು ಗುಡಿಸು ತೆಗೆದುಹಾಕಿ ಕುಲನಾಮವನ್ನು ಗುಣವಾಚಕದ ಕೈಯಿಂದ ಬಿಡಿಸುವ ಪ್ರಯತ್ನ ಅದು. ಇಟಾಲಿಯನ್ನರು ತಮ್ಮವನಿಗಾಗಿ ಇದೇ ಕೆಲಸವನ್ನು ಪ್ರತ್ಯಯದಿಂದ ಮಾಡಿದ್ದಾರೆ. ಅವರ ಭಾಷೆಯಲ್ಲಿ ‘ಮ್ಯಾಕಿಯವೆಲ್ಲಿಕೊ’ ಎಂದರೆ ಕುಟಿಲ. ‘ಮ್ಯಾಕಿಯವೆಲ್ಲಿಯಾನೊ’ ಎಂದರೆ ಆ ಲೇಖಕನಿಗೆ, ಅವನ ಕೃತಿಗಳಿಗೆ ಸಂಬಂಧಿಸಿದ್ದು. ಇಂಗ್ಲಿಷಿನಲ್ಲಿ ಎರಡಕ್ಕೂ ಇರುವುದು ಒಂದೇ ಪದ, ಹಾಗಾಗಿ ಅವನ ಗಣರಾಜ್ಯಪ್ರೇಮದ ಬಗ್ಗೆ ಬರೆಯುವ ವಿದ್ವಾಂಸನೂ ಬೈಗುಳದ ಪದವನ್ನೇ ಎತ್ತಿಕೊಳ್ಳಬೇಕಾಗುತ್ತದೆ. ಕನ್ನಡಕ್ಕೆ ಆ ಇಕ್ಕಟ್ಟಿಲ್ಲ. ನಮ್ಮಲ್ಲಿ ಷಷ್ಠೀ ವಿಭಕ್ತಿಯಿದೆ. ಅವನ ವಿಚಾರ, ಅವನ ಗದ್ಯ, ಅವನ ನಾಟಕಗಳನ್ನು ಕುರಿತು ಬರೆಯುವಾಗ ನಾನು ‘ಮ್ಯಾಕಿಯವೆಲ್ಲಿಯ’ ಎಂದು ಬರೆಯುತ್ತೇನೆ. ‘ಮ್ಯಾಕಿಯವೆಲ್ಲಿಯನ್’ ಎಂಬುದನ್ನು ಜಾಂತಿಯೆ ಮತ್ತು ಮಾರ್ಲೊ ಕಟ್ಟಿದ ಆ ಪ್ರೇತಕ್ಕೆ ಬಿಟ್ಟಿದ್ದೇನೆ.